ಖಾಸಿಂಬಿ ಆಯಿ ತಿದ್ದಿದ ಕರಡು

ಬರೆಯುವವರಿಗೆ ಒಂದು ಬಗೆಯ ಅಹಂಕಾರವಿರುತ್ತದೆ. ಬರೆದದ್ದನ್ನು ತಿದ್ದುವವರಿಗೆ ಎರಡು ಬಗೆಯದು. ಇದಕ್ಕಿಂತ ಚೆನ್ನಾಗಿ ನಾನು ಬರೆಯಬಲ್ಲೆ ಎಂಬುದು ಒಂದು. ಬರೆಯಬಲ್ಲೆನಾದರೂ ಬರೆಯದೆ ಲೋಕಕ್ಕೆ ಉಪಕಾರ ಮಾಡಿದ್ದೇನೆ ಎಂಬುದು ಇನ್ನೊಂದು. ನನ್ನಲ್ಲಿ ಎರಡೂ ಯಥೇಚ್ಛವಾಗಿದ್ದವು. ಹನ್ನೊಂದು ವರ್ಷ ಗುಲಬರ್ಗಾದ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದೆ. ವರದಿಗಾರ ಇಪ್ಪತ್ತು ಸಾಲಿನಲ್ಲಿ ಬರೆದದ್ದನ್ನು ಎಂಟು ಸಾಲಿಗೆ ಇಳಿಸುವುದು ನನ್ನ ಕೆಲಸ. ಮಂತ್ರಿಗಳ ಭಾಷಣವನ್ನು ನಾಲ್ಕು ಸಾಲಿಗೆ ಇಳಿಸಿದ್ದೇನೆ, ಅಪಘಾತವನ್ನು ಮೂರಕ್ಕೆ, ಸಾವನ್ನು ಎರಡಕ್ಕೆ. ಎಂಬತ್ತರ ದಶಕದ ನಡುವೆ ಒಂದು ಸೋಮವಾರ ಮಾಲೀಕರು ಪತ್ರಿಕೆಯನ್ನೇ ಹೊಡೆದು ಹಾಕಿದರು. ಆ ಸುದ್ದಿಯನ್ನು ಯಾವ ಪತ್ರಿಕೆಯೂ ಒಂದು ಸಾಲಿನಲ್ಲೂ ಹಾಕಲಿಲ್ಲ. ಇಷ್ಟು ಸಂಕ್ಷಿಪ್ತವಾಗಿ ನಾನು ಕೂಡ ಏನನ್ನೂ ತಿದ್ದಿರಲಿಲ್ಲ.

ಹೆಂಡತಿ ಮಹಾದೇವಿ ಆಳಂದದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಲ್ಲಿಯವರೆಗೆ ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ ನಾನು ಒಂದು ಟ್ರಂಕು, ಎರಡು ನಿಘಂಟು ಹೊತ್ತುಕೊಂಡು ಖಾಯಂ ಆಗಿ ಬಂದುಬಿಟ್ಟೆ. ಮೊದಲನೆಯ ತಿಂಗಳು ಓಣಿಯವರು ರಜೆಯ ಮೇಲೆ ಬಂದಿದ್ದೇನೆಂದು ತಿಳಿದು ಸೂಟಿ ಅದಾವೇನ್ರಿ ಎಂದು ಕೇಳಿದರು. ಎರಡನೆಯ ತಿಂಗಳು ಆರಾಮ ಇಲ್ಲೇನ್ರಿ ಎಂದರು. ಮೂರನೆಯ ತಿಂಗಳಿಂದ ಕೇಳುವುದನ್ನು ಬಿಟ್ಟು, ರೇಷನ್ ಕಾರ್ಡಿನ ಅರ್ಜಿ ಬರೆಸಿಕೊಳ್ಳಲು ಬರತೊಡಗಿದರು. ಸಂಪಾದಕ, ಆದರೆ ಸಂಪಾದನೆ ಇಲ್ಲ ಎಂಬ ಚಮತ್ಕಾರದ ಮಾತು ಆಳಂದದಲ್ಲಿ ಎಷ್ಟು ಜನರಿಗೆ ಸ್ವತಂತ್ರವಾಗಿ ಹೊಳೆಯಿತೆಂದರೆ, ಕೊನೆಗೆ ನಾನೇ ಅದನ್ನು ಮೊದಲು ಹೇಳಿ ಎದುರಿನವರ ಶ್ರಮ ಉಳಿಸುವುದನ್ನು ಕಲಿತೆ.

ಪೂರ್ತಿ ಕೆಲಸವಿರಲಿಲ್ಲ ಎನ್ನುವಂತಿಲ್ಲ. ಬಸ್ ನಿಲ್ದಾಣದ ಹತ್ತಿರ ಮಲ್ಲಣ್ಣ ಎಂಬವರ ಮುದ್ರಣಾಲಯವಿತ್ತು. ಲಗ್ನಪತ್ರಿಕೆಗಳ ಕರಡು ನೋಡುವುದು, ಬೆಳೆಗೆ ಹೊಡೆಯುವ ಔಷಧದ ಡಬ್ಬಿಯ ಮೇಲಿನ ಬರಹವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು, ಸಹಕಾರ ಸಂಘದ ವಾರ್ಷಿಕ ವರದಿಗೆ ವ್ಯಾಕರಣ ತುಂಬುವುದು ಇಂಥವು ಸಿಗುತ್ತಿದ್ದವು. ಅಫಜಲಪುರದ ಒಬ್ಬ ವರ್ತಕರು ತೀರಿಹೋದ ತಂದೆಯ ನೆನಪಿಗೆ ಒಂದು ಪುಸ್ತಿಕೆ ಮಾಡಿಸಲು ಬಂದರು. ತಂದೆಯನ್ನು ಧರ್ಮಾತ್ಮ, ಪುಣ್ಯಾತ್ಮ, ಮಹಾತ್ಮ ಎಂದು ಒಂದೇ ಉಸಿರಿನಲ್ಲಿ ಕರೆದಿದ್ದರು. ನಾನು ಒಂದನ್ನು ಉಳಿಸಿ ಎರಡನ್ನು ತೆಗೆದೆ. ಅವರು ಸಿಟ್ಟು ಮಾಡಲಿಲ್ಲ; ಕೈಮುಗಿದು, ನಮಗ ಇದ್ದಾಂವ ಒಬ್ಬನ ಅಪ್ಪರಿ, ಅವನ ಗುಣಾ ನೀವ್ಯಾಕ ಕಡಿಮಿ ಮಾಡ್ತೀರಿ ಎಂದು ಕೇಳಿದರು. ಉತ್ತರವಿಲ್ಲದಿದ್ದರೂ ನನ್ನಲ್ಲಿ ಅಹಂಕಾರವಿತ್ತು. ಅದರ ಬಲದಿಂದ ಮನೆಗೆ ಬಂದು, ಮಹಾದೇವಿ ತನ್ನ ತಾಯಿಗೆ ಬರೆದು ಮೇಜಿನ ಮೇಲಿಟ್ಟಿದ್ದ ಕಾಗದವನ್ನು ಕೆಂಪು ಶಾಯಿಯಲ್ಲಿ ತಿದ್ದಿದೆ. ನಾವೆಲ್ಲ ಆರಾಮ ಇದ್ದೇವೆ ಎಂಬುದು ಅದರಲ್ಲಿ ಮೂರು ಸಲ ಬಂದಿತ್ತು, ಎರಡನ್ನು ಹೊಡೆದೆ. ಅವಳು ನೋಡದೆ ಅದನ್ನು ಅಂಚೆಗೆ ಹಾಕಿದಳು. ಕೆಂಪು ಶಾಯಿ ಕಂಡ ಅತ್ತೆಯವರು ಏನೋ ಕೆಡುಕಾಗಿದೆ ಎಂದು ಮೊದಲ ಬಸ್ಸಿಗೇ ಹೊರಟು ಬಂದು, ಮೂರು ವಾರ ಇದ್ದು ಹೋದರು. ಆಮೇಲೆ ನನ್ನ ಕೆಂಪು ಪೆನ್ನನ್ನು ಮಹಾದೇವಿ ಅಕ್ಕಿಡಬ್ಬದ ಹಿಂದೆ ಇಡತೊಡಗಿದಳು. ನಾನು ಕೇಳಿದಾಗ, ಯಾವ ಕೆಲಸಕ್ಕೆ ಎಂದು ವಿಚಾರಿಸಿ ಕೊಡುವಳು.

ಹೀಗಿದ್ದಾಗ ಜೇವರ್ಗಿ ತಾಲೂಕಿನ ಕೊಳಕೂರಿನಿಂದ ರಸೂಲ್ ಮಾಸ್ತರರು ಬಂದರು. ನಲವತ್ತೈದರ ಆಸುಪಾಸಿನ, ಶುಭ್ರವಾದ ಬಿಳಿ ಅಂಗಿಯ, ಮೆಲುದನಿಯ ಕನ್ನಡ ಮಾಸ್ತರರು. ನಾನು ಪತ್ರಿಕೆಯಲ್ಲಿದ್ದಾಗ ಅವರು ಕಳಿಸಿದ ಪದ್ಯಗಳನ್ನು ನಾನೇ ಹಿಂತಿರುಗಿಸುತ್ತಿದ್ದೆನಂತೆ. ಅಷ್ಟು ಶಿಸ್ತಿನಿಂದ ಹಿಂತಿರುಗಿಸಿದವನು ಒಳ್ಳೆಯ ಸಂಪಾದಕನಿರಲೇಬೇಕು ಎಂಬ ನಂಬಿಕೆಯಿಂದ ಮೂರು ಬಸ್ಸು ಬದಲಿಸಿ ಮಲ್ಲಣ್ಣನವರ ಮುದ್ರಣಾಲಯದವರೆಗೆ ಹುಡುಕಿಕೊಂಡು ಬಂದಿದ್ದರು. ಚೀಲದಿಂದ ಮೂರು ದಪ್ಪ ನೋಟುಬುಕ್ಕು ತೆಗೆದು ನನ್ನ ಮುಂದಿಟ್ಟರು.

ಅವರ ತಾಯಿ ಖಾಸಿಂಬಿ ಆ ಊರಿನ ಸೂಲಗಿತ್ತಿ. ಐವತ್ತಕ್ಕೂ ಹೆಚ್ಚು ವರ್ಷ ಕೊಳಕೂರಿನ ಎಲ್ಲ ಜಾತಿಯ, ಎಲ್ಲ ಓಣಿಯ ಹೆರಿಗೆಗಳನ್ನು ಅವರೇ ಮಾಡಿಸಿದ್ದು. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಈಗ ಜನ ಜೇವರ್ಗಿಯ ದವಾಖಾನೆಗೆ ಹೋಗುತ್ತಿದ್ದರು, ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಆದರೆ ಯಾರ ವಯಸ್ಸಿನ ಬಗ್ಗೆ ಜಗಳ ಬಂದರೂ, ಅಣ್ಣನಾರು ತಮ್ಮನಾರು ಎಂಬ ತಕರಾರಿದ್ದರೂ, ಮುದುಕರ ಪಿಂಚಣಿಗೆ ಅರ್ಜಿ ಹಾಕುವಾಗಲೂ ಜನ ಬರುವುದು ಅವರ ಬಾಗಿಲಿಗೇ. ಹಿಂದಿನ ವರ್ಷ ಜಾರಿ ಬಿದ್ದು ಹಾಸಿಗೆ ಹಿಡಿದಾಗ ಆಯಿಗೆ ಚಿಂತೆ ಹತ್ತಿತು. ಮಗನನ್ನು ಕರೆದು, ನಾ ಹೋದ್ರ ಇಷ್ಟು ಮಂದಿ ವಯಸ್ಸು ನನ್ನ ಸಂಗಾಟ ಹೋಗತಾವ, ಬರಕೋ ಎಂದರಂತೆ. ಮಾಸ್ತರರು ಎಂಟು ತಿಂಗಳು ಕುಳಿತು ಬರೆದುಕೊಂಡಿದ್ದರು.

“ನಮ್ಮವ್ವ ಹೇಳಿದಾಂಗ ಬರದೇನ್ರಿ ಸರ” ಎಂದರು ಮಾಸ್ತರರು. “ನಾ ಜರಾ ಸುಧಾರಿಸಾಕ ಹೋದ್ರ ಬೈತಾಳ. ನೀವು ಸುಧಾರಿಸ್ರಿ. ನೀವು ಹೊರಗಿನವರು, ನಿಮಗ ಬೈಯಂಗಿಲ್ಲ.”

ಧೈರ್ಯವಂತರಿಗೆ ಕೊಡುವ ಕೆಲಸ ಎಂದು ನಾನು ಹೆಮ್ಮೆಯಿಂದಲೇ ಒಪ್ಪಿಕೊಂಡೆ.

ಮನೆಗೆ ಬಂದು ಓದಿದೆ. ಓಣಿ ಓಣಿಯಾಗಿ, ಮನೆ ಮನೆಯಾಗಿ, ಒಂದೊಂದು ಕೂಸಿಗೆ ಐದಾರು ತುಂಡು ಮಾತು. ಮೊದಲಿಂದು. ಗಂಡು. ತೊಗರಿ ಹೂ ಬಿಟ್ಟಾಗ. ಶುಕ್ರವಾರ. ಬಲಗಿವಿ ಮಡಚಿತ್ತು. ಅತ್ತಿತು. ಎರಡನೇದು. ಹೆಣ್ಣು. ಕಾರಹುಣ್ಣಿಮಿ ಎದುರಿಗಿದ್ದಾಗ. ಮಳಿ ಇದ್ದಿಲ್ಲ. ಅತ್ತಿತು. ಹೀಗೆಯೇ ಮೂರು ನೋಟುಬುಕ್ಕು. ಹೆಚ್ಚುಕಡಿಮೆ ಎಲ್ಲ ಕೂಸುಗಳೂ ಕೊನೆಗೆ ಅತ್ತಿತು ಎಂಬ ಮಾತಿನಲ್ಲಿ ಮುಗಿಯುತ್ತಿದ್ದವು. ನನಗೆ ಎಷ್ಟು ಆನಂದವಾಯಿತೆಂದು ಹೇಳಲಾರೆ. ಹಸಿದವನ ಮುಂದೆ ಹೋಳಿಗೆ ಬಡಿಸಿದಂತಾಯಿತು. ಮಹಾದೇವಿಯಿಂದ ಪೆನ್ನು ಪಡೆದು ಕುಳಿತೆ. ಹುಟ್ಟಿದ ಕೂಸು ಅಳುವುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ, ಅದನ್ನು ಪ್ರತಿ ಸಲ ಹೇಳುವುದು ಪುನರುಕ್ತಿದೋಷ. ಅತ್ತಿತು, ಅತ್ತಿತು, ಅತ್ತಿತು, ಎಲ್ಲವನ್ನೂ ಹೊಡೆದೆ. ಮಳೆ ಇರಲಿಲ್ಲ ಎಂಬುದನ್ನು ಹೊಡೆದೆ. ಇಲ್ಲದ ಮಳೆಯನ್ನು ಯಾರಾದರೂ ವರದಿ ಮಾಡುತ್ತಾರೆಯೇ? ಮಡಚಿದ ಕಿವಿ, ಮುಚ್ಚಿದ ಮುಷ್ಟಿ, ಬೆನ್ನಿನ ಮಚ್ಚೆ ಎಲ್ಲ ಹೋದವು. ಆಮೇಲೆ ನಡುನಡುವೆ ಕೆಲವು ಕೂಸುಗಳು ಬರುತ್ತಿದ್ದವು. ಹನ್ನೊಂದು ದಿನ ಇತ್ತು ಎಂದೋ, ಹೊತ್ತು ಮುಳುಗೂತನ ಇತ್ತು ಎಂದೋ ಅವುಗಳ ಮುಂದೆ ಬರೆದಿತ್ತು. ವಯಸ್ಸಿನ ದಾಖಲೆಯಲ್ಲಿ ವಯಸ್ಸೇ ಇಲ್ಲದವರಿಗೆ ಏನು ಕೆಲಸ? ಅವನ್ನೂ ಹೊಡೆದೆ. ಮೂರು ನೋಟುಬುಕ್ಕು ಒಂದಕ್ಕೆ ಇಳಿಯಿತು. ಹಾಗೆ ಉಳಿದದ್ದನ್ನು, ಇಂತಿಂಥ ದಂಪತಿಗೆ ಇಷ್ಟು ಮಕ್ಕಳು, ಹಿರಿಯವನು ಇಂಥ ಮಾಸದಲ್ಲಿ ಜನಿಸಿದನು ಎಂಬ ಗಂಭೀರ ಶೈಲಿಯಲ್ಲಿ ಬೇರೆ ಬರೆದೆ. ಮಹಾದೇವಿ ಎರಡು ಪುಟ ಓದಿ, ಇದು ನಮ್ಮ ಸಾಲಿ ಹಾಜರಿ ಪುಸ್ತಕ ಇದ್ದಾಂಗ ಅದ ಎಂದಳು. ಹೊಗಳಿಕೆ ಎಂದೇ ತಿಳಿದೆ.

ತಾಯಿಗೆ ಒಮ್ಮೆ ಓದಿ ಕೇಳಿಸಬೇಕು ಎಂದು ಮಾಸ್ತರರು ಪತ್ರ ಬರೆದಿದ್ದರು. ಗುಲಬರ್ಗಾ ದಾಟಿ, ಜೇವರ್ಗಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಕೊಳಕೂರಿಗೆ ಹೋದೆ. ಕರಿಮಣ್ಣಿನ ಹೊಲಗಳಲ್ಲಿ ಜೋಳ ಎದೆಯೆತ್ತರ ನಿಂತಿತ್ತು. ಮಾಸ್ತರರ ಮನೆಯ ಪಡಸಾಲೆಯಲ್ಲಿ ಆಯಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತೆಳ್ಳಗಿನ ಜೀವ. ಆದರೆ ಕೈಗಳು ಮಾತ್ರ ಇನ್ನಾರವೋ ಎಂಬಂತೆ ದೊಡ್ಡವು. ಅಗಲವಾದ ಅಂಗೈ, ಉದ್ದ ಬೆರಳು. ಕಣ್ಣಿನ ಕೆಲಸವನ್ನೂ ಆ ಬೆರಳುಗಳೇ ಮಾಡುತ್ತಿದ್ದವು. ಒಂದು ಬೀಜವೂ ತಪ್ಪುತ್ತಿರಲಿಲ್ಲ. ಬರ್ರಿ ಎಂದು ಕೂರಿಸಿ, ಚಹಾ ಕೊಡಿಸಿ, ಓದ್ರಿ ಎಂದರು. ನಾನು ಗಂಟಲು ಸರಿಮಾಡಿಕೊಂಡು ಮೊದಲನೆಯ ಓಣಿಯ ಮೊದಲನೆಯ ಮನೆ ಓದಿದೆ. ಸಾಬಣ್ಣ ಮತ್ತು ಲಕ್ಷ್ಮೀಬಾಯಿ ದಂಪತಿಗೆ ಮೂವರು ಮಕ್ಕಳು. ಹಿರಿಯ ಮಗನು ಮಾರ್ಗಶಿರ ಮಾಸದಲ್ಲಿ ಜನಿಸಿದನು.

ಆಯಿಯ ಕೈ ನಿಂತಿತು. “ಅತ್ತಿತೋ ಇಲ್ಲೋ?”

ನನಗೆ ತಿಳಿಯಲಿಲ್ಲ. ಕೂಸು ಎಂದರು ಆಯಿ. ನಾನು ನಕ್ಕು, ಹುಟ್ಟಿದ ಕೂಸು ಅಳುವುದೇ ಅಲ್ಲವೇ, ಅದಕ್ಕೇ ಪ್ರತಿಯೊಂದಕ್ಕೂ ಬರೆಯಲಿಲ್ಲ ಎಂದು ಪುನರುಕ್ತಿದೋಷವನ್ನು ಸರಳವಾಗಿ ವಿವರಿಸಿದೆ.

“ಎಲ್ಲಾ ಅಳಂಗಿಲ್ರಿ” ಎಂದರು ಆಯಿ.

ಬೈಗುಳದ ದನಿಯಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹೇಳುವ ದನಿ. ಹಾಗೆಯೇ ಮಾತು ಮುಂದುವರಿಸಿದರು. ಕೆಲವು ಕೂಸು ಬರುತ್ತಲೇ ಅಳುತ್ತವೆ. ಕೆಲವು ನೀಲಿಯಾಗಿ ಬಂದು ಸುಮ್ಮನಿರುತ್ತವೆ. ಆಗ ಕಾಲು ಹಿಡಿದು ತಲೆಕೆಳಗು ಮಾಡಬೇಕು, ಬೆನ್ನು ತಿಕ್ಕಬೇಕು, ಬಾಯಿ ಒರೆಸಿ ಗಾಳಿ ಊದಬೇಕು. ಹೊರಗೆ ಮನೆಯವರೆಲ್ಲ ಕಿವಿ ಆನಿಸಿಕೊಂಡು ನಿಂತಿರುತ್ತಾರೆ. ತಾಯಿ ಬಾಯಿ ತೆರೆದು ಕೇಳಲಾರಳು, ಬರೀ ಸೂಲಗಿತ್ತಿಯ ಮುಖ ನೋಡುತ್ತಾಳೆ. “ಅದು ಅತ್ತ ಮ್ಯಾಲ ನಾ ಉಸುರು ಬಿಡತಿದ್ದೆ. ಅದನ್ನ ನೀವು ತಗದೀರಿ” ಎಂದರು.

ನಾನು ಎಷ್ಟು ಸಲ ತೆಗೆದಿದ್ದೆನೆಂದು ಎಣಿಸಿರಲಿಲ್ಲ. ಎಣಿಸದೇ ಇದ್ದದ್ದು ಒಳ್ಳೆಯದಾಯಿತು. ತಗ್ಗಿಸಿದ ತಲೆಯನ್ನು ಎತ್ತದೆ ಮುಂದಿನ ಮನೆ ಓದಿದೆ. ಭೀಮರಾಯ ಮತ್ತು ನಾಗಮ್ಮ ದಂಪತಿಗೆ ಮೂವರು ಮಕ್ಕಳು.

“ನಾಕು.”

ಮೂವರೇ ಬದುಕಿರುವುದು, ಒಂದು ಹನ್ನೊಂದು ದಿನಕ್ಕೆ ತೀರಿಕೊಂಡಿತಲ್ಲವೇ ಎಂದೆ. ನನ್ನ ದನಿಯಲ್ಲಿ ಆಗಲೇ ಹೆಚ್ಚು ಜೋರಿರಲಿಲ್ಲ.

“ತೀರಿಕೊಂಡಿದ್ದು ಆಮ್ಯಾಲರಿ. ಹುಟ್ಟಿದ್ದು ಖರೇ ಅಲ್ಲೇನು?” ಎಂದರು ಆಯಿ. ನನ್ನ ಕಡೆಗೆ ಮುಖ ತಿರುಗಿಸಿ, ಮಂಜುಗಟ್ಟಿದ ಕಣ್ಣಿನಿಂದ ನನ್ನ ಧ್ವನಿ ಬರುವ ಜಾಗವನ್ನು ನೋಡಿದರು. “ದೊಡ್ಡವರಾದವರು ಹ್ಯಾಂಗಾರ ನೆನಪಿರತಾರ. ತಮ್ಮ ಹೆಸರು ತಾವ ಹೇಳಕೋತಾರ. ಇವುನ ಯಾರು ಹೇಳಬೇಕರಿ?”

ಮಾಸ್ತರರು ಮುಜುಗರದಿಂದ, ಅವ್ವಾ ಸರ್ ದೊಡ್ಡವರು ಎಂದು ಏನೋ ಹೇಳಹೊರಟರು. ಆಯಿ ತಿರುಗಿ ಮನೆಮಾತಿನಲ್ಲಿ ಚುಪ್ ರೇ ಎಂದರು. ನಾನು ನನ್ನ ಗಂಭೀರ ಶೈಲಿಯ ಪ್ರತಿಯನ್ನು ಮಡಚಿ ಚೀಲದಲ್ಲಿಟ್ಟೆ. ಮೊದಲಿನ ಮೂರು ನೋಟುಬುಕ್ಕುಗಳನ್ನು ತೆಗೆದೆ. ಪುಟಪುಟದಲ್ಲೂ ನನ್ನ ಕೆಂಪು ಗೆರೆಗಳಿದ್ದವು. ಅದೃಷ್ಟಕ್ಕೆ ಗೆರೆಯ ಕೆಳಗಿನ ಅಕ್ಷರ ಓದಬಹುದಾಗಿತ್ತು. ಒಂದೇ ಗೆರೆ ಎಳೆದು ಹೊಡೆಯಬೇಕೆಂಬುದು ಪತ್ರಿಕೆಯ ನಿಯಮ. ಜೀವನದಲ್ಲಿ ಆ ನಿಯಮವನ್ನು ಪಾಲಿಸಿದ್ದಕ್ಕೆ ನಾನು ಸಂತೋಷಪಟ್ಟದ್ದು ಅವತ್ತೊಂದೇ ದಿನ.

ಒಂದು ದಿನಕ್ಕೆಂದು ಹೋದವನು ಮೂರು ದಿನ ಉಳಿದೆ. ತಿದ್ದಿದ್ದನ್ನೆಲ್ಲ ಮರಳಿ ಸರಿಪಡಿಸಬೇಕಾಗಿತ್ತು, ಅದು ನೆಪ. ನಿಜವಾಗಿ ನಾನು ಉಳಿದದ್ದು ಬೆರಗಿನಿಂದ. ಓದುಬರಹ ಬಾರದ ಈ ಮುದುಕಿಯ ತಲೆಯಲ್ಲಿ ಒಂದು ಊರು ಹೇಗೆ ಹಿಡಿಸಿದೆ ಎಂಬುದು ನನಗೆ ತಿಳಿಯಬೇಕಾಗಿತ್ತು. ಪರೀಕ್ಷೆ ಮಾಡುವ ಚಟ ಬೇರೆ. ಎರಡನೆಯ ನೋಟುಬುಕ್ಕಿನ ನಡುವೆ ತೆರೆದು, ಕುಂಬಾರ ಓಣಿಯ ಶಾಂತಮ್ಮನ ಮೂರನೆಯದು ಯಾವುದು ಎಂದು ಕೇಳಿದೆ. ಆಯಿ ಸ್ವಲ್ಪ ತಡೆಯಿರಿ ಎಂದು ಕಣ್ಣು ಮುಚ್ಚಿದರು. ಓಣಿಯ ಬಾಯಿಂದ ಶುರುಮಾಡಿದರು. ಬೇವಿನ ಗಿಡ, ಅದರ ಎದುರಿನ ಮನೆ, ಅಲ್ಲಿಯ ಇಬ್ಬರು; ಆಮೇಲೆ ಸೇದುವ ಬಾವಿ, ಬಾವಿಯ ಪಕ್ಕದ ಮನೆ, ಅಲ್ಲಿಯ ಐವರು. ಬೆರಳು ಗಾಳಿಯಲ್ಲಿ ಬಾಗಿಲು ತಟ್ಟುತ್ತ ನಡೆಯುತ್ತಿತ್ತು. ಶಾಂತಮ್ಮನ ಮನೆ ಇದಲ್ಲವೇ, ನೇರವಾಗಿ ಅಲ್ಲಿಗೇ ಹೋಗಬಾರದೇ ಎಂದು ಕೇಳಿದ್ದಕ್ಕೆ, “ನಡು ಓಣ್ಯಾಗ ಹ್ಯಾಂಗ ಇಳೀಲರಿ, ನಾ ಏನ್ ಹಕ್ಕಿ ಏನು?” ಎಂದರು. ಕೊನೆಗೆ ಶಾಂತಮ್ಮನ ಮೂರನೆಯದು ಬಂತು. ಹೆಣ್ಣು. ಕುಸುಬಿ ಕೀಳುವಾಗ. ಬುಧವಾರ. ಪಾದ ಮುಂದು ಮಾಡಿ ಬಂತು. ಹೊತ್ತಾಯಿತು. ಅತ್ತಿತು. ನೋಟುಬುಕ್ಕಿನಲ್ಲಿ ಇದ್ದದ್ದು ಅಕ್ಷರಕ್ಕೆ ಅಕ್ಷರ ಅದೇ. ನಾನು ಹೊಡೆದು ಹಾಕಿದ ಮಳೆಯ ಗುಟ್ಟೂ ಗೊತ್ತಾಯಿತು. ಕಾರಹುಣ್ಣಿಮೆ ವರ್ಷವರ್ಷವೂ ಬರುತ್ತದೆ. ಮಳೆಯಿಲ್ಲದ ಕಾರಹುಣ್ಣಿಮೆ ಯಾವುದೆಂದು ಊರಿನ ಎಲ್ಲರಿಗೂ ನೆನಪಿದೆ. ಇಸವಿ ಗೊತ್ತಿಲ್ಲದವರಿಗೆ ಅದೇ ಇಸವಿ.

ಅವರು ನಿಂತ ಬಾಗಿಲುಗಳಲ್ಲಿ ಎಷ್ಟೋ ಈಗ ಇರಲಿಲ್ಲ. ಮಾಸ್ತರರ ಜೊತೆ ಊರು ನೋಡಲು ಹೋದಾಗ ಕಂಡೆ. ಕೆಲವು ಮನೆ ಬಿದ್ದು ಮಣ್ಣಾಗಿದ್ದವು, ಕೆಲವು ಕಡೆ ದನದ ಮೇವಿಗೆ ಕಣಕಿ ಒಟ್ಟಿದ್ದರು. ಆಯಿ ಮಾತ್ರ ಆ ಬಾಗಿಲಲ್ಲೂ ನಿಂತು, ಒಳಗೆ ಹೋಗಿ, ಕೂಸುಗಳನ್ನೆಲ್ಲ ಹೇಳಿಯೇ ಮುಂದೆ ಹೋಗುತ್ತಿದ್ದರು. ಸಂಕೋಚದಿಂದ ಮಾಸ್ತರರು ತಾವು ಹುಟ್ಟಿದ್ದನ್ನು ಬರೆದಿರಲಿಲ್ಲ. ನಾನು ಕೇಳಿದೆ. ಇವ ಬಾಳ ಹೊತ್ತು ಅಳಲಿಲ್ಲರಿ, ಈಗ ಪದ್ಯಾ ಓದಿ ಮಂದೀನ ಅಳಸ್ತಾನ ಎಂದರು ಆಯಿ. ಮಾಸ್ತರರೂ ನಕ್ಕರು. ಅವರ ಪದ್ಯಗಳನ್ನು ಹಿಂತಿರುಗಿಸಿದ್ದ ನಾನು ನಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹರಡಿತ್ತು. ಆಯಿಯ ಪುಸ್ತಕ ಓದುತ್ತಿದ್ದಾರಂತೆ ಎಂದು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಕೈಯಲ್ಲಿ ಬಿಡಿಸುವ ಅವರೆಕಾಯಿ, ಆರಿಸುವ ಬೇಳೆ. ನಮ್ಮನೀದು ಓದ್ರಿ, ನಮ್ಮನೀದು ಓದ್ರಿ ಎಂದು ಕೇಳತೊಡಗಿದರು. ಓದಿದೆ. ಬದುಕಿದ ಕೂಸುಗಳದ್ದು ಓದುವಾಗ ಅವರು ನಗುತ್ತಿದ್ದರು. ಆ ಮಡಚಿದ ಕಿವಿ ಈಗಲೂ ಹಾಗೆಯೇ ಇದೆ ಎನ್ನುತ್ತಿದ್ದರು. ಉಳಿಯದ ಕೂಸುಗಳದ್ದು ಬಂದಾಗ ಎಲ್ಲರ ಕೈ ಕೆಲಸ ಮಾಡುತ್ತಿರುತ್ತಿತ್ತು, ಆದರೆ ಒಬ್ಬಳು ಮಾತ್ರ ತಲೆ ತಗ್ಗಿಸಿರುತ್ತಿದ್ದಳು. ಆ ಒಬ್ಬಳು ಯಾರು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಹನ್ನೊಂದು ವರ್ಷ ಸಾವಿರಾರು ಜನ ಓದುವ ಪತ್ರಿಕೆ ತಯಾರಿಸಿದ್ದೇನೆ. ಓದುವವರ ಮುಖ ಹೇಗಿರುತ್ತದೆಂದು ನೋಡಿದ್ದು ಅದೇ ಮೊದಲು.

ಆಗ ಗೌಡರ ಮನೆಯ ದೊಡ್ಡ ಗೌಡ್ತಿ ಗೌರಮ್ಮ ಬಂದರು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೋಲು. ಆ ಊರಿನಲ್ಲಿ ಅವರು ಯಾರ ಮನೆಗೂ ಹಾಗೆಲ್ಲ ಹೋಗುವವರಲ್ಲ ಎಂಬುದು ಹೆಂಗಸರೆಲ್ಲ ಎದ್ದುನಿಂತ ರೀತಿಯಲ್ಲೇ ತಿಳಿಯಿತು. ಅವರು ಕುಳಿತುಕೊಳ್ಳಲಿಲ್ಲ. ಕಂಬದ ಹತ್ತಿರ ನಿಂತು, ನಮ್ಮನೀದೂ ಬರದೀರೇನು, ಓದ್ರಿ ನೋಡೂಣು ಎಂದರು. ತಪ್ಪಿದ್ದರೆ ಹಿಡಿಯುತ್ತೇನೆ ಎಂಬ ಧಾಟಿ. ನಾನು ಗೌಡರ ಮನೆಯ ಪುಟ ತೆರೆದೆ. ಮೊದಲನೆಯ ಸಾಲುಗಳ ಮೇಲೆಯೇ ನನ್ನ ಕೆಂಪು ಗೆರೆ ಇತ್ತು. ಅದರ ಕೆಳಗಿನದನ್ನು ಓದಿದೆ.

ಮೊದಲಿಂದು. ಹೆಣ್ಣು. ಜ್ವಾಳ ಹಾಲುಗಾಳು ಇದ್ದಾಗ. ಮಂಗಳವಾರ, ಮುಂಜಾನೆ. ಮೈ ಸಣ್ಣದಿತ್ತು. ತಲಿ ತುಂಬ ಕೂದಲಿತ್ತು. ಅತ್ತಿತು. ಹೊತ್ತು ಮುಳುಗೂತನ ಇತ್ತು.

ನಾನು ಎರಡನೆಯದನ್ನು ಓದಲು ಹೊರಟಾಗ ಗೌಡ್ತಿಯ ಕೋಲು ಒಮ್ಮೆ ನೆಲಕ್ಕೆ ತಾಗಿತು.

“ಇನ್ನೊಮ್ಮೆ ಓದ್ರಿ.”

ಓದಿದೆ. ಮುಗಿದ ಮೇಲೆ ಅವರು, ಕೂದಲದ್ದು ಓದ್ರಿ ಎಂದರು. ಆ ಒಂದು ಸಾಲನ್ನೇ ಮೂರನೆಯ ಸಲ ಓದಿದೆ. ಗೌಡ್ತಿ ನನ್ನನ್ನು ಬಿಟ್ಟು ಆಯಿಯ ಕಡೆ ತಿರುಗಿದರು.

“ಬಾಳ ಇದ್ವೇನ ಖಾಸಿಂಬಿ?”

“ಬಾಳ ಇದ್ವು ಗೌಡ್ತಿ. ಹಣೀಮ್ಯಾಲೆ ಬಂದಿದ್ವು.”

“ನನಗ ಎಚ್ಚರಿದ್ದಿಲ್ಲ. ಕಣ್ಣು ತಗಿಯೂದರಾಗ ಒಯ್ದಿದ್ರು. ಮಾರಿ ನೋಡಿಲ್ಲ ನಾ. ಯಾರೂ ಹೇಳಲಿಲ್ಲ” ಎಂದರು ಗೌಡ್ತಿ. ಕೋಲನ್ನು ಕಂಬಕ್ಕೆ ಆನಿಸಿ, “ನಾನೂ ಕೇಳಲಿಲ್ಲ” ಎಂದರು.

ಅರವತ್ತು ವರ್ಷ ಈ ಇಬ್ಬರೂ ಒಂದೇ ಊರಿನಲ್ಲಿದ್ದರು. ಆ ಕೂಸಾದ ಮೇಲೆ ಬಂದ ಐದು ಮಕ್ಕಳನ್ನೂ ಹಿಡಿದದ್ದು ಇದೇ ಕೈಗಳು. ಒಬ್ಬರ ಬಳಿ ಉತ್ತರವಿತ್ತು, ಇನ್ನೊಬ್ಬರ ಬಳಿ ಪ್ರಶ್ನೆ. ಮಾತು ಮಾತ್ರ ಅವತ್ತು ಬಂತು. ಅದೂ ನಾನು ಅನವಶ್ಯಕ ಎಂದು ಗೆರೆ ಎಳೆದಿದ್ದ ಸಾಲಿನಲ್ಲಿ. ಗೌಡ್ತಿ ಮೆಲ್ಲಗೆ ಕಂಬ ಹಿಡಿದು ಆಯಿಯ ಪಕ್ಕದಲ್ಲಿ ಕುಳಿತರು. ಆ ಕೂಸಿನ ಮುಂದೆ ಒಂದು ಹೆಸರು ಬರೆಯಲು ಬರುತ್ತದೆಯೇ ಎಂದು ಕೇಳಿದರು. ತೊಟ್ಟಿಲಿಗೆ ಹಾಕದ ಕೂಸಿಗೆ ಹೆಸರಿಟ್ಟಿರಲಿಲ್ಲ. ಬರುತ್ತದೆ ಎಂದೆ. “ನೀಲವ್ವ ಅಂತ ಬರೀರಿ. ನನ್ನ ಮನಸಿನ್ಯಾಗ ಹಂಗ ಕರೀತಿದ್ದೆ” ಎಂದರು.

ಬರೆದೆ. ನನ್ನ ವೃತ್ತಿಯಲ್ಲಿ ತೆಗೆದದ್ದೇ ತೆಗೆದದ್ದು. ಯಾರ ಬರಹಕ್ಕಾದರೂ ಒಂದು ಮಾತು ಸೇರಿಸಿದ ನೆನಪು ನನಗಿಲ್ಲ. ಮೂರು ಅಕ್ಷರ ಬರೆಯಲು ಇಷ್ಟು ಹೊತ್ತು ಹಿಡಿಯುತ್ತದೆ ಎಂದೂ ಗೊತ್ತಿರಲಿಲ್ಲ. ಬರೆದದ್ದನ್ನು ಗೌಡ್ತಿ ಓದಲಾರರು, ಆಯಿಯೂ ಓದಲಾರರು. ಆದರೂ ಇಬ್ಬರೂ ಆ ಜಾಗದ ಮೇಲೆ ಬೆರಳಾಡಿಸಿದರು. ಆಮೇಲೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಒಂದೊಂದು ಹೆಸರು ಹೇಳಿ ಹೋದರು. ಹೊತ್ತು ಇಳಿಯುವವರೆಗೆ ನಾನು ಬರೀ ಹೆಸರು ಬರೆದೆ.

ಆಳಂದಕ್ಕೆ ಬಂದು ಮೂರೂ ನೋಟುಬುಕ್ಕುಗಳನ್ನು ಒಳ್ಳೆಯ ಕಾಗದದಲ್ಲಿ, ಕಪ್ಪು ಶಾಯಿಯಲ್ಲಿ, ಆಯಿ ಹೇಳಿದ ಹಾಗೆಯೇ ಶುದ್ಧಪ್ರತಿ ಮಾಡಿದೆ. ನಾಲ್ಕು ತಿಂಗಳು ಹಿಡಿಯಿತು. ಅತ್ತಿತು ಎಂದು ಅಷ್ಟು ಸಲ ಬರೆಯುವಾಗ ಒಂದು ಸಲವೂ ಬೇಸರವಾಗಲಿಲ್ಲ; ಪ್ರತಿ ಸಲವೂ ಪಕ್ಕದ ಕೋಣೆಯಿಂದ ಸುದ್ದಿ ಬಂದಂತೆ ಆಗುತ್ತಿತ್ತು. ಮಲ್ಲಣ್ಣನವರು ಗಟ್ಟಿಯಾದ ಬಟ್ಟೆಯಲ್ಲಿ ಹೊಲಿದು ಕಟ್ಟಿಕೊಟ್ಟರು. ಅಚ್ಚು ಹಾಕಿಸೋಣ ಎಂಬ ಆಸೆ ಮಾಸ್ತರರಿಗಿತ್ತು. ನಮ್ಮೂರ ಕೂಸು ಮಂದಿಗ್ಯಾಕ ಎಂದು ಆಯಿ ಬೇಡವೆಂದರು. ಪುಸ್ತಕ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಕೇಳಬೇಕೆಂದವರು ಬಂದಾಗ ಮಾಸ್ತರರು ತೆಗೆದು ಓದುತ್ತಾರೆ. ನನಗೆ ಸಂಭಾವನೆಯೆಂದು ಅವರು ಕೊಟ್ಟ ತೊಗರಿಬೇಳೆಯನ್ನು ಮಹಾದೇವಿ ವರ್ಷವಿಡೀ ಬೇಯಿಸಿದಳು. ಇಂಥ ಬೇಳೆ ಬರುವುದಾದರೆ ಕೆಲಸ ಇಲ್ಲದಿದ್ದರೂ ನಡೆಯುತ್ತದೆ ಎಂದಳು. ಮದುವೆಯಾದ ಮೇಲೆ ಅವಳು ನನ್ನ ವೃತ್ತಿಯ ಬಗ್ಗೆ ಆಡಿದ ಅತ್ಯಂತ ಒಳ್ಳೆಯ ಮಾತು ಅದು.

ಪುಸ್ತಕ ಕೊಡಲು ಹೋದ ದಿನ, ನಾನು ಹೊರಡುವಾಗ ಆಯಿ ನನ್ನ ಕೈ ಹಿಡಿದು, ನೀವು ಯಾವಾಗ ಹುಟ್ಟಿದ್ರಿ ಎಂದು ಕೇಳಿದರು. ಜೂನ್ ಒಂದನೆಯ ತಾರೀಖು ಎಂದೆ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದದ್ದು. ಆಯಿ ನಕ್ಕುಬಿಟ್ಟರು. “ನಮ್ಮೂರಾಗೂ ಅರ್ಧ ಮಂದಿ ಅವತ್ತ ಹುಟ್ಯಾರರಿ. ನಾ ಅವತ್ತ ಯಾರ ಮನೀಗೂ ಹೋಗಿಲ್ಲ.” ಹೊಲದಲ್ಲಿ ಏನು ಪೈರಿತ್ತು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಯಾರು ಹಿಡಿದರು ಎಂದರು. ಅದೂ ಗೊತ್ತಿರಲಿಲ್ಲ. ತಾಯಿ ಇದ್ದಾರೆಯೇ ಎಂದರು. ಇದ್ದಾಳೆ ಎಂದೆ. ಮತ್ತೇನು ಎಂಬಂತೆ ನನ್ನ ಕೈ ಬಿಟ್ಟರು.

ಅವ್ವ ಮಾದನಹಿಪ್ಪರಗಾದಲ್ಲಿ ನನ್ನ ತಮ್ಮ ಶರಣಪ್ಪನ ಸಂಸಾರದೊಂದಿಗೆ ಇರುತ್ತಾಳೆ. ಆಳಂದದಿಂದ ಒಂದೇ ಬಸ್ಸು. ಆದರೂ ನಾನು ಹೋಗುವುದು ಹಬ್ಬಕ್ಕೆ ಮತ್ತು ಉಪದೇಶ ಮಾಡುವುದಿದ್ದಾಗ. ನಾನು ಹಿರಿಯ ಮಗ. ಹಿರಿಯ ಮಗನೆಂದು ಅಪ್ಪನ ಅಂಗಿಯ ಬಟ್ಟೆಯಲ್ಲಿ ಉಳಿದದ್ದು ಮೊದಲು ನನಗೆ, ಓದಿಗೆ ಪೇಟೆಗೆ ಕಳಿಸಿದ್ದು ನನ್ನನ್ನು, ಲಗ್ನಗಳಲ್ಲಿ ಮೊದಲ ಸಾಲಿನಲ್ಲಿ ಕೂರಿಸುವುದು ನನ್ನನ್ನು. ಶರಣಪ್ಪನಿಗೆ ಯಾವ ಬೀಜ ಬಿತ್ತಬೇಕು, ಮಕ್ಕಳನ್ನು ಹೇಗೆ ಬೆಳೆಸಬೇಕು ಎಂದು ಹೊಲವೂ ಮಕ್ಕಳೂ ಇಲ್ಲದ ನಾನು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದೆ. ಕೆಲಸ ಹೋದ ಮೇಲೂ ಹೇಳುವುದು ನಿಂತಿರಲಿಲ್ಲ. ವೇಳೆ ಹೆಚ್ಚಿದ್ದರಿಂದ ಇನ್ನಷ್ಟು ವಿವರವಾಗಿ ಹೇಳುತ್ತಿದ್ದೆ.

ಅವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾ ಯಾವಾಗ ಹುಟ್ಟಿದೆ ಅವ್ವಾ ಎಂದು ಕೇಳಿದೆ. ಇದೇನು ಈಗ ಎಂದು ನಕ್ಕಳು. ಆಮೇಲೆ ಮೊರ ಕೆಳಗಿಟ್ಟು ಹೇಳತೊಡಗಿದಳು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಮರುದಿನ. ಹೊಲಕ್ಕೆ ಒಯ್ದ ಬುತ್ತಿಯ ಕಾಳು-ಸೊಪ್ಪಿನ ಭಜ್ಜಿ ಇನ್ನೂ ಮನೆಯಲ್ಲಿತ್ತು. ಕಡಲೆ ಗಿಡ ಕಾಯಿ ಕಟ್ಟಿತ್ತು. ಹಿಡಿದವಳು ಓಣಿಯ ತಿಪ್ಪವ್ವ. ನನ್ನ ಮೂಗು ಎಷ್ಟು ದೊಡ್ಡದಿತ್ತೆಂದರೆ ಅಪ್ಪ ನೋಡಿ ಹೆದರಿದ. ಹೇಳುತ್ತ ಹೇಳುತ್ತ ಅವ್ವನ ಮುಖ ಸಣ್ಣ ಹುಡುಗಿಯದಾಯಿತು. ನಾನು ಕಾಗದ ತೆಗೆದು ಬರೆದುಕೊಂಡೆ. ಮೊದಲಿಂದು, ಗಂಡು ಎಂದು ಶುರುಮಾಡಿ, ಬರೆದದ್ದನ್ನು ಓದಿ ಕೇಳಿಸಿದೆ.

“ನೀ ಮೊದಲಿಂದಲ್ಲ” ಎಂದಳು ಅವ್ವ.

ನನಗಿಂತ ಎರಡು ವರ್ಷ ಮೊದಲು ಒಬ್ಬನಿದ್ದ. ಒಂಬತ್ತು ದಿನ ಇದ್ದ. ತೊಗರಿ ಕೊಯ್ಯುವಾಗ, ಗುರುವಾರ, ಬ್ಯಾಸಗಿ ಮುಂದ ಇತ್ತು, ಬೆಳ್ಳಗಿದ್ದ, ಎಡಗೈ ಬಿಗಿಯಾಗಿ ಮುಚ್ಚಿಕೊಂಡಿರುತ್ತಿದ್ದ. ಎಲ್ಲವನ್ನೂ ಅವ್ವ ಒಂದೇ ಉಸಿರಿನಲ್ಲಿ ಹೇಳಿದಳು, ಯಾರಾದರೂ ಕೇಳಲಿ ಎಂದು ಇಷ್ಟು ವರ್ಷ ಬಾಗಿಲಲ್ಲೇ ನಿಂತಿದ್ದವಳ ಹಾಗೆ. ಯಾರೂ ಕೇಳಲಿಲ್ಲಪಾ ಎಂದು ಕಣ್ಣೊರೆಸಿಕೊಂಡಳು. ಮೊದಲಿಂದು ಎಂಬುದರ ಮುಂದೆ ಅವನನ್ನು ಬರೆದು, ಅದರ ಕೆಳಗೆ ನನ್ನನ್ನು ಬರೆದುಕೊಂಡೆ. ಕಾಗದದಲ್ಲಿ ಒಂದೇ ಸಾಲು ಕೆಳಗಿಳಿದದ್ದು. ಆದರೆ ಅಷ್ಟು ಎತ್ತರದಿಂದ ನಾನು ಎಂದೂ ಇಳಿದಿರಲಿಲ್ಲ.

ಶರಣಪ್ಪ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಊಟಕ್ಕೆ ಕುಳಿತಾಗ, ಹುಟ್ಟಿದಾರಭ್ಯ ನಾನು ಮೊದಲ ತುತ್ತು ತೆಗೆಯುವವರೆಗೆ ಕಾಯುತ್ತಿದ್ದವನು, ಅವತ್ತು ಕಾಯದೆ ಆರಾಮಾಗಿ ರೊಟ್ಟಿ ಮುರಿದ. ಹಂಗಾದ್ರ ನೀ ನಡುವಿನಾಂವ ಅದಿ ನೋಡಣ್ಣ ಎಂದ. ಅವ್ವ ನನ್ನನ್ನು ಹೊಸದಾಗಿ ಬಂದವನನ್ನು ನೋಡುವಂತೆ ನೋಡುತ್ತಿದ್ದಳು. “ಪಾಪ, ನೀ ಸಣ್ಣಾಂವ ಇದ್ದಿ. ದೊಡ್ಡಾಂವ ಅಂತ ನಿನ್ನ ಮ್ಯಾಲ ಬಾಳ ಹೊರಿಸಿದ್ವಿ” ಎಂದಳು. ತಲೆ ಅರ್ಧ ಬೆಳ್ಳಗಾದ, ನಲವತ್ತು ದಾಟಿದ, ಊರಿನವರ ವ್ಯಾಕರಣವನ್ನೆಲ್ಲ ತಿದ್ದಿದ ನಾನು, ಆ ಮಾತಿಗೆ ಸಣ್ಣವನೇ ಹೌದೆಂದು ಒಪ್ಪಿಕೊಂಡು, ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.